ಮೊದಲ ಸಂಬಳದಿಂದ ಪಿಂಚಣಿವರೆಗೆ: ಯಾವ ವಯಸ್ಸಿಗೆ ದುಡ್ಡಿನ ಯಾವ ಕೆಲಸ

ದುಡ್ಡಿನ ವಿಷಯದಲ್ಲಿ ಸಲಹೆಗೇನೂ ಬರವಿಲ್ಲ. ಸೈಟ್ ತೆಗೆದುಕೋ ಅನ್ನುತ್ತಾರೆ ಸೋದರಮಾವ. ಚಿನ್ನ ಮಾಡಿಸಿಡು ಅನ್ನುತ್ತಾರೆ ಅಮ್ಮ. ಎಸ್‌ಐಪಿ (ಮ್ಯೂಚುವಲ್ ಫಂಡಿಗೆ ತಿಂಗಳು ತಿಂಗಳು ಕಟ್ಟುವುದು) ಹಾಕು ಅನ್ನುತ್ತಾನೆ ಆಫೀಸಿನ ಗೆಳೆಯ. ಪರಿಚಯದ ಏಜೆಂಟರು ಪಾಲಿಸಿ ಫಾರಂ ಹಿಡಿದು ಮನೆಗೇ ಬರುತ್ತಾರೆ. ಇವರಲ್ಲಿ ಯಾರ ಮಾತೂ ಪೂರ್ತಿ ತಪ್ಪಲ್ಲ. ಆದರೆ ಇಪ್ಪತ್ತೈದಕ್ಕೇ ಸಾಲ ಮಾಡಿ ಸೈಟ್ ಕೊಂಡವನಿಗೆ ಕೆಲಸ ಬದಲಿಸುವ ಧೈರ್ಯ ಇರುವುದಿಲ್ಲ. ಅರವತ್ತೆರಡರಲ್ಲಿ ನಿವೃತ್ತಿಯ ದುಡ್ಡನ್ನೆಲ್ಲ ಷೇರಿಗೆ ಸುರಿದವರಿಗೆ ನಿದ್ದೆ ಇರುವುದಿಲ್ಲ. ಕೆಲಸ ಸರಿ, ಹೊತ್ತು ತಪ್ಪು.

ಹಾಗಾಗಿ ಯಾವ ಯೋಜನೆ ಒಳ್ಳೆಯದು ಅನ್ನುವುದಕ್ಕಿಂತ, ಯಾವ ವಯಸ್ಸಿನಲ್ಲಿ ಯಾವುದು ಮೊದಲು ಅನ್ನುವುದನ್ನು ಹಿಡಿದು ಹೋಗೋಣ. ತಿಂಗಳಿಗೆ ಇಪ್ಪತ್ತು ಸಾವಿರದಿಂದ ಒಂದು ಲಕ್ಷದವರೆಗೆ ದುಡಿಯುವ ಕರ್ನಾಟಕದ ಮನೆಯೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಇಲ್ಲಿರುವ ಬಡ್ಡಿ ದರಗಳು 2025ರ ಕೊನೆಯವು. ಸಣ್ಣ ಉಳಿತಾಯದ ದರಗಳನ್ನು ಕೇಂದ್ರ ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ. ದುಡ್ಡು ಹಾಕುವ ಮುಂಚೆ ಒಮ್ಮೆ ನೋಡಿಕೊಳ್ಳಿ.

## ವಯಸ್ಸು ಎಷ್ಟೇ ಇರಲಿ, ಮೊದಲು ಈ ಮೂರು

ಮೊದಲನೆಯದು ಲೆಕ್ಕ. ಹೋದ ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಯುಪಿಐ ಹಿಸ್ಟರಿ ತೆಗೆದುಕೊಂಡು ಕೂರಿ. ಖರ್ಚನ್ನು ಮೂರೇ ಭಾಗ ಮಾಡಿ: ಬಾಡಿಗೆ, ದಿನಸಿ, ಔಷಧಿಯಂಥ ತಪ್ಪಿಸಲಾಗದ್ದು, ಸಾಲದ ಕಂತು, ಉಳಿದದ್ದೆಲ್ಲ. ಇದಕ್ಕೆ ಆ್ಯಪ್ ಬೇಕಿಲ್ಲ, ಮಕ್ಕಳ ಹಳೆ ನೋಟ್‌ಬುಕ್ ಸಾಕು. ವರ್ಷಕ್ಕೊಮ್ಮೆ ಬರುವ ಖರ್ಚುಗಳನ್ನು ಮಾತ್ರ ಮರೆಯಬೇಡಿ. ಶಾಲೆ ಫೀಸು, ಬೈಕ್ ಇನ್ಶೂರೆನ್ಸ್, ಗೌರಿ ಹಬ್ಬ, ಊರ ಜಾತ್ರೆ, ನೆಂಟರ ಮದುವೆಯ ಮುಯ್ಯಿ, ಇವನ್ನೆಲ್ಲ ಕೂಡಿಸಿ, ಹನ್ನೆರಡರಿಂದ ಭಾಗಿಸಿ, ತಿಂಗಳ ಖರ್ಚಿಗೆ ಸೇರಿಸಿ. ಬಜೆಟ್ ಕೈಕೊಡುವುದು ಜಾಸ್ತಿ ಇಲ್ಲೇ.

ಎರಡನೆಯದು ಸಾಲಗಳ ಪಟ್ಟಿ. ಯಾರಿಗೆ ಎಷ್ಟು ಕೊಡಬೇಕು ಅನ್ನುವುದರ ಪಕ್ಕದಲ್ಲಿ ವರ್ಷದ ಬಡ್ಡಿ ಬರೆಯಿರಿ. ಊರಲ್ಲಿ ಕೈಸಾಲ ಕೊಡುವವರು ‘ಮೂರು ಪರ್ಸೆಂಟ್’ ಅಂದರೆ ತಿಂಗಳಿಗೆ ಮೂರು, ವರ್ಷಕ್ಕೆ 36. ಕ್ರೆಡಿಟ್ ಕಾರ್ಡಿನಲ್ಲಿ ಮಿನಿಮಮ್ ಮಾತ್ರ ಕಟ್ಟುತ್ತಾ ಹೋದರೆ ಅದೂ ವರ್ಷಕ್ಕೆ ಶೇ 36ರಿಂದ 45ರ ನಡುವೆಯೇ. ಇಷ್ಟು ಬಡ್ಡಿಯ ಸಾಲ ತಲೆ ಮೇಲಿರುವಾಗ ಶೇ 7ರ ಎಫ್‌ಡಿ ಇಡುವುದರಲ್ಲಿ ಅರ್ಥವಿಲ್ಲ. ಮನೆಯಲ್ಲಿ ಚಿನ್ನ ಇದ್ದರೆ ಬ್ಯಾಂಕಿನಲ್ಲಿ ಅಡವಿಟ್ಟು ಕಡಿಮೆ ಬಡ್ಡಿಗೆ ಸಾಲ ತೆಗೆದು, ಕೈಸಾಲ ತೀರಿಸಿ. ಚಿನ್ನ ಅಡವಿಡುವುದು ಅವಮಾನ ಅಂತ ಮೂರು ಪರ್ಸೆಂಟ್ ಬಡ್ಡಿ ಕಟ್ಟುತ್ತಾ ಕೂರುವವರನ್ನು ನೋಡಿದರೆ ಬೇಜಾರಾಗುತ್ತದೆ. ಪೆಟ್ಟಿಗೆಯಲ್ಲಿರುವ ಚಿನ್ನಕ್ಕೆ ಬಡ್ಡಿಯಂತೂ ಬರುವುದಿಲ್ಲ ಅಲ್ವಾ?

ಮೂರನೆಯದು ಆಪತ್ತಿನ ದುಡ್ಡು. ಆರು ತಿಂಗಳ ಮನೆ ಖರ್ಚಿನಷ್ಟು. ಒಮ್ಮೆಲೇ ಆಗದಿದ್ದರೆ ಒಂದು ತಿಂಗಳದ್ದರಿಂದ ಶುರು ಮಾಡಿ. ಸಂಬಳ ಬರುವ ಖಾತೆ ಬೇಡ, ಬೇರೆ ಬ್ಯಾಂಕಿನಲ್ಲಿ ಎಫ್‌ಡಿ ಇಡಿ. ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆ ಕೌಂಟರಿನಲ್ಲಿ ಅಡ್ವಾನ್ಸ್ ಕೇಳಿದಾಗ ಮೊಬೈಲಿನಲ್ಲೇ ಮುರಿಯಲು ಬರುವಂಥದ್ದಾಗಿರಲಿ. ಈ ಕೆಲಸಕ್ಕೆ ಚೀಟಿ ಸಲ್ಲ, ಸೈಟಂತೂ ಸಲ್ಲವೇ ಸಲ್ಲ.

## ಇಪ್ಪತ್ತರ ದಶಕ: ದುಡ್ಡು ಕಡಿಮೆ, ಕಾಲ ಜಾಸ್ತಿ

ಈ ವಯಸ್ಸಿನವರ ದೊಡ್ಡ ಆಸ್ತಿ ಸಂಬಳ ಅಲ್ಲ, ಮುಂದಿರುವ ವರ್ಷಗಳು. ಒಂದು ಲೆಕ್ಕ ನೋಡಿ. ಮೂವತ್ತರಿಂದ ಅರವತ್ತರವರೆಗೆ ತಿಂಗಳಿಗೆ 5,000 ರೂಪಾಯಿ ಹಾಕುತ್ತಾ ಹೋದರೆ, ವರ್ಷಕ್ಕೆ ಶೇ 10 ಬೆಳೆದರೆ, ಕೊನೆಗೆ ಸುಮಾರು 1 ಕೋಟಿ 13 ಲಕ್ಷ ಆಗುತ್ತದೆ. ಅದೇ 5,000ವನ್ನು ನಲವತ್ತರಲ್ಲಿ ಶುರು ಮಾಡಿದರೆ ಸುಮಾರು 38 ಲಕ್ಷ. ಕೈಯಿಂದ ಹಾಕಿದ ದುಡ್ಡಿನಲ್ಲಿ ವ್ಯತ್ಯಾಸ 6 ಲಕ್ಷ ಮಾತ್ರ. ಉಳಿದ 69 ಲಕ್ಷ ಆ ಹತ್ತು ವರ್ಷದ ಸಂಪಾದನೆ. ಷೇರು ಮಾರುಕಟ್ಟೆಯಲ್ಲಿ ಶೇ 10 ಬಂದೇ ಬರುತ್ತದೆ ಅಂತ ಯಾರೂ ಬರೆದುಕೊಡುವುದಿಲ್ಲ. ಆದರೆ ದರ ಎಷ್ಟೇ ಇರಲಿ, ಬೇಗ ಶುರು ಮಾಡಿದವರೇ ಮುಂದಿರುತ್ತಾರೆ.

ಮಾಡುವ ಕ್ರಮ ಹೀಗೆ:

1. ಕೆಲಸಕ್ಕೆ ಸೇರಿದ ತಿಂಗಳೇ ಪಿಎಫ್‌ನ ಯುಎಎನ್ ನಂಬರ್ (ಕೆಲಸ ಬದಲಾದರೂ ಬದಲಾಗದ ಪಿಎಫ್ ಗುರುತಿನ ನಂಬರ್) ತೆಗೆದುಕೊಳ್ಳಿ. ಆಧಾರ್ ಜೋಡಣೆ ಆಗಿದೆಯಾ, ಹೆಸರಿನ ಸ್ಪೆಲ್ಲಿಂಗ್ ಸರಿ ಇದೆಯಾ, ನಾಮಿನಿ ಹಾಕಿದೆಯಾ ನೋಡಿ. ಒಂದು ಅಕ್ಷರ ಹೆಚ್ಚು ಕಡಿಮೆ ಆದರೂ ಮುಂದೆ ಕ್ಲೇಮ್ ವಾಪಸ್ ಬರುತ್ತದೆ. 2024-25ಕ್ಕೆ ಪಿಎಫ್ ಬಡ್ಡಿ ಶೇ 8.25 ಇತ್ತು; ಇಷ್ಟು ಭದ್ರತೆಯ ಜೊತೆ ಇಷ್ಟು ಬಡ್ಡಿ ಬೇರೆ ಕಡೆ ಸಿಗುವುದು ಕಷ್ಟ. ಕೆಲಸ ಬದಲಿಸಿದಾಗ ಟ್ರಾನ್ಸ್‌ಫರ್ ಮಾಡಿಸಿ. ಐದು ವರ್ಷ ಸರ್ವಿಸ್ ಆಗುವ ಮುಂಚೆ ತೆಗೆದರೆ ತೆರಿಗೆಯೂ ಬೀಳುತ್ತದೆ.

2. ಸಂಬಳ ಬಂದ ಮರುದಿನವೇ ಉಳಿತಾಯ ತಾನಾಗಿ ಕಟ್ ಆಗುವಂತೆ ಆಟೊ ಡೆಬಿಟ್ ಹಾಕಿ. ಮೊದಲ ವರ್ಷ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿ, ಸಾಕು. ಅದೇ ನಿಮ್ಮ ಆಪತ್ತಿನ ದುಡ್ಡಾಗುತ್ತದೆ.

3. ಅದು ತುಂಬಿದ ಮೇಲೆ ನಿಫ್ಟಿ 50 ಇಂಡೆಕ್ಸ್ ಫಂಡ್‌ನಲ್ಲಿ (ದೇಶದ ಐವತ್ತು ದೊಡ್ಡ ಕಂಪನಿಗಳ ಷೇರಿಗೆ ದುಡ್ಡು ಹಂಚುವ ಫಂಡ್) ಸಣ್ಣ ಎಸ್‌ಐಪಿ ಶುರು ಮಾಡಿ. ‘ಡೈರೆಕ್ಟ್’ ಅಂತ ಇರುವ ಪ್ಲಾನ್ ಆರಿಸಿ, ಅದರಲ್ಲಿ ಏಜೆಂಟ್ ಕಮಿಷನ್ ಇರುವುದಿಲ್ಲ. ಮಾರುಕಟ್ಟೆ ಬಿದ್ದ ವರ್ಷ ನಿಲ್ಲಿಸದಿರುವುದೇ ಇಲ್ಲಿನ ಕಷ್ಟದ ಕೆಲಸ.

4. ಕಂಪನಿ ಕೊಟ್ಟ ಆರೋಗ್ಯ ವಿಮೆ ಇದ್ದರೂ ನಿಮ್ಮ ಹೆಸರಿನಲ್ಲಿ ಒಂದು ಸ್ವಂತ ಪಾಲಿಸಿ ಇರಲಿ. ಕೆಲಸ ಹೋದ ದಿನ ಕಂಪನಿ ವಿಮೆಯೂ ಹೋಗುತ್ತದೆ.

ಇಷ್ಟರಲ್ಲಿ ಊರಿಗೆ ದುಡ್ಡು ಕಳಿಸುವ ಮಾತೇ ಬರಲಿಲ್ಲವಲ್ಲ ಅನ್ನಬಹುದು. ಬೆಂಗಳೂರಿನ ಪಿಜಿಗಳಲ್ಲಿರುವ ಹುಡುಗ ಹುಡುಗಿಯರಲ್ಲಿ ಎಷ್ಟೋ ಜನ ಮೊದಲ ಸಂಬಳದಿಂದಲೇ ಮನೆಗೆ ಕಳಿಸುತ್ತಾರೆ. ಅದನ್ನು ಖರ್ಚು ಅಂತ ಬರೆಯಿರಿ, ಉಳಿತಾಯ ಅಂತ ಅಲ್ಲ. ಕಳಿಸುವ ಮೊತ್ತ ಪ್ರತಿ ತಿಂಗಳೂ ಒಂದೇ ಇರಲಿ. ಆಗ ಅಪ್ಪ ಅಮ್ಮನಿಗೂ ಲೆಕ್ಕ ಸಿಗುತ್ತದೆ, ನಿಮಗೂ ಉಳಿಯುತ್ತದೆ.

ಇನ್ನು ತೆರಿಗೆ ಉಳಿಸಲು ಪಾಲಿಸಿ ಮಾಡಿಸಿ ಅಂತ ಫೆಬ್ರವರಿ, ಮಾರ್ಚ್‌ನಲ್ಲಿ ಬರುವ ಫೋನುಗಳ ವಿಷಯ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ, ಸಂಬಳದವರಿಗೆ 12.75 ಲಕ್ಷದವರೆಗೆ, ಆದಾಯ ತೆರಿಗೆಯೇ ಇಲ್ಲ. ನಿಮ್ಮ ಸಂಬಳ ಇದಕ್ಕಿಂತ ಕಡಿಮೆ ಇದ್ದರೆ ತೆರಿಗೆ ಹೆಸರಿನಲ್ಲಿ ಯಾವುದನ್ನೂ ಕೊಳ್ಳಬೇಕಿಲ್ಲ.

## ತಿಂಗಳ ಸಂಬಳ ಇಲ್ಲದವರಿಗೆ

ಆಟೊ ಓಡಿಸುವವರು, ಟೈಲರಿಂಗ್ ಮಾಡುವವರು, ಹೂವಿನ ಅಂಗಡಿಯವರು ದಿನದ ದುಡ್ಡನ್ನು ದಿನವೇ ಎತ್ತಿಡಬೇಕು. ಇದಕ್ಕೆ ನಮ್ಮಲ್ಲಿ ಪಿಗ್ಮಿ ಇದೆ. ಟಿ.ಎಂ.ಎ. ಪೈ ಅವರು ಕಟ್ಟಿದ, ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಶುರು ಮಾಡಿದ ಪದ್ಧತಿ ಇದು. ದಿನಕ್ಕೆ ಎರಡಾಣೆ ಕೊಟ್ಟರೂ ಏಜೆಂಟರು ಮನೆ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಆ ಬ್ಯಾಂಕ್ 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು, ಪಿಗ್ಮಿ ಮಾತ್ರ ಇವತ್ತಿಗೂ ಪೇಟೆ ಬೀದಿಗಳಲ್ಲಿ ನಡೆಯುತ್ತಿದೆ. ಬಡ್ಡಿ ಜಾಸ್ತಿ ಇಲ್ಲ, ಮಧ್ಯದಲ್ಲಿ ಮುರಿದರೆ ಇನ್ನೂ ಕಡಿಮೆ. ಆದರೂ ಸಂಜೆ ಕೈಯಲ್ಲಿ ಉಳಿದ ನೂರು ರೂಪಾಯಿ ಖರ್ಚಾಗದೆ ಇರಲು ಇದಕ್ಕಿಂತ ಸುಲಭದ ದಾರಿ ಕಾಣೆ. ರಸೀದಿ ಅಥವಾ ಎಸ್‌ಎಂಎಸ್ ಪ್ರತಿ ಸಲ ಬರಲೇಬೇಕು. ವರ್ಷ ತುಂಬಿದ ಪಿಗ್ಮಿಯನ್ನು ಎಫ್‌ಡಿಗೋ ಪಿಪಿಎಫ್‌ಗೋ (ಸರ್ಕಾರದ ಹದಿನೈದು ವರ್ಷದ ಉಳಿತಾಯ ಖಾತೆ) ಹಾಕಿ, ಟಿವಿಗೆ ಅಲ್ಲ.

ಅಡಿಕೆ, ಕಾಫಿ, ಮೆಣಸು ಬೆಳೆಯುವ ಮನೆಗಳ ಕಷ್ಟ ಇದಕ್ಕೆ ಉಲ್ಟಾ. ದುಡ್ಡು ವರ್ಷಕ್ಕೊಂದೆರಡು ಸಲ ದೊಡ್ಡದಾಗಿ ಬರುತ್ತದೆ. ಬಂದ ತಿಂಗಳು ಮನೆ ಶ್ರೀಮಂತ, ಮಳೆಗಾಲದಲ್ಲಿ ಸೊಸೈಟಿ ಸಾಲ. ಹೀಗೆ ಮಾಡಿ ನೋಡಿ: ಫಸಲಿನ ದುಡ್ಡು ಬಂದ ದಿನವೇ ಮೊದಲು ಬೆಳೆ ಸಾಲ ತೀರಿಸಿ. ಗಡುವಿನೊಳಗೆ ಕಟ್ಟಿದರಷ್ಟೇ ಬಡ್ಡಿ ರಿಯಾಯಿತಿ. ಮುಂದಿನ ವರ್ಷದ ಗೊಬ್ಬರ, ಔಷಧಿ, ಕೂಲಿಯ ದುಡ್ಡನ್ನು ಬೇರೆ ತೆಗೆದಿಡಿ. ಮನೆ ಖರ್ಚಿನದ್ದನ್ನು ಹನ್ನೆರಡು ಭಾಗ ಮಾಡಿ, ತಿಂಗಳಿಗೊಂದರಂತೆ ಅವಧಿ ಮುಗಿಯುವ ಸಣ್ಣ ಎಫ್‌ಡಿಗಳನ್ನಾಗಿ ಇಡಿ. ತೋಟವೇ ನಿಮಗೆ ತಿಂಗಳ ಸಂಬಳ ಕೊಟ್ಟ ಹಾಗೆ ಆಗುತ್ತದೆ. ಕೊಳೆ ರೋಗವೋ ಬೆಲೆ ಕುಸಿತವೋ ಬಂದೇ ಬರುವುದರಿಂದ ಈ ಮನೆಗಳಿಗೆ ಆರು ತಿಂಗಳ ಆಪತ್ತಿನ ದುಡ್ಡು ಸಾಲದು, ಒಂದು ವರ್ಷದ್ದು ಬೇಕು.

ಗೃಹಲಕ್ಷ್ಮಿಯ 2,000 ರೂಪಾಯಿ ಬರುವ ಮನೆಯಲ್ಲಿ ಅದರಲ್ಲಿ 500 ಆದರೂ ಅಮ್ಮನ ಹೆಸರಿನ ಅಂಚೆ ಕಚೇರಿ ಆರ್‌ಡಿಗೆ ಹೋಗಲಿ. ಕಂತು ತಡವಾಗಿ ಬರುವ ತಿಂಗಳುಗಳೂ ಇರುತ್ತವೆ. ಹಾಗಾಗಿ ಸಾಲದ ಕಂತನ್ನು ಈ ದುಡ್ಡಿಗೆ ಜೋಡಿಸಬೇಡಿ.

ಜೊತೆಗೆ ಇನ್ನೆರಡು. ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ, 436 ರೂಪಾಯಿಗೆ 2 ಲಕ್ಷದ ಜೀವ ವಿಮೆ ಬ್ಯಾಂಕ್ ಖಾತೆಯಿಂದಲೇ ಸಿಗುತ್ತವೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ, ಜೀವನ್ ಜ್ಯೋತಿ ಅಂತ ಅವುಗಳ ಹೆಸರು. ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಆರೋಗ್ಯ ಯೋಜನೆಯ ಕಾರ್ಡ್ ಮಾಡಿಸಿ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ.

## ಮೂವತ್ತರ ದಶಕ: ಮೊದಲು ಬೇಲಿ, ಆಮೇಲೆ ಬೆಳೆ

ಮದುವೆ, ಮಗು, ಮನೆ, ಮೂರೂ ಒಟ್ಟಿಗೆ ಬರುವ ಕಾಲ. ಮದುವೆಯಾದ ಮೊದಲ ತಿಂಗಳುಗಳಲ್ಲೇ ಗಂಡ ಹೆಂಡತಿ ಕೂತು ಇಬ್ಬರ ಸಾಲ, ಸಂಬಳ, ತವರಿಗೂ ಊರಿಗೂ ಕಳಿಸುವ ದುಡ್ಡು ಎಲ್ಲವನ್ನೂ ಒಂದೇ ಹಾಳೆ ಮೇಲೆ ಬರೆಯಿರಿ. ಮುಜುಗರ ಅನ್ನಿಸಬಹುದು. ಮೂರು ವರ್ಷದ ನಂತರ ಗೊತ್ತಾಗುವ ಪರ್ಸನಲ್ ಲೋನ್ ಇದಕ್ಕಿಂತ ಜಾಸ್ತಿ ಮುಜುಗರ.

ನಿಮ್ಮ ದುಡಿಮೆಯನ್ನೇ ನಂಬಿಕೊಂಡವರು ಮನೆಗೆ ಬಂದ ವರ್ಷ ಟರ್ಮ್ ಇನ್ಶೂರೆನ್ಸ್ (ಅವಧಿಯೊಳಗೆ ತೀರಿಹೋದರೆ ಮಾತ್ರ ಮನೆಯವರಿಗೆ ದುಡ್ಡು ಬರುವ ಜೀವ ವಿಮೆ) ತೆಗೆದುಕೊಳ್ಳಿ. ವರ್ಷದ ಆದಾಯದ ಹತ್ತರಿಂದ ಹದಿನೈದು ಪಟ್ಟು, ಅದರ ಮೇಲೆ ಸಾಲ ಎಷ್ಟಿದೆಯೋ ಅಷ್ಟು. ಮೂವತ್ತರ ಆಸುಪಾಸಿನ, ಸಿಗರೇಟು ಸೇದದ ಆರೋಗ್ಯವಂತರಿಗೆ ಒಂದು ಕೋಟಿಯ ವಿಮೆ ತಿಂಗಳಿಗೆ ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆ, ಆರೋಗ್ಯ ವಿಮೆಗೆ ಜಿಎಸ್‌ಟಿಯೂ ಇಲ್ಲ. ಬದುಕಿದ್ದರೆ ದುಡ್ಡು ವಾಪಸ್ ಬರುವುದಿಲ್ಲವಲ್ಲ ಅನ್ನುವವರು ತುಂಬ ಜನ. ವಾಪಸ್ ಬರುವ ಪಾಲಿಸಿಯಲ್ಲಿ ಅದೇ ಕಂತಿಗೆ ಸಿಗುವ ಕವರ್ ಕೆಲವೇ ಲಕ್ಷ, ಇಪ್ಪತ್ತು ವರ್ಷದ ಬೆಳವಣಿಗೆಯೂ ಸಾಮಾನ್ಯವಾಗಿ ಎಫ್‌ಡಿಗಿಂತ ಕಡಿಮೆ. ವಿಮೆಯನ್ನು ವಿಮೆ ಅಂತಲೇ ಕೊಳ್ಳಿ. ಫಾರಂನಲ್ಲಿ ಬಿಪಿ, ಶುಗರ್, ಕುಡಿತ ಯಾವುದನ್ನೂ ಮುಚ್ಚಿಡಬೇಡಿ. ಏಜೆಂಟರು ಬೇಡ ಅಂದರೂ ಬರೆಯಿರಿ. ವ್ಯಾಪಾರ ಮಾಡುವವರು ಮ್ಯಾರೀಡ್ ವಿಮೆನ್ಸ್ ಪ್ರಾಪರ್ಟಿ ಆ್ಯಕ್ಟ್ ಅಡಿಯಲ್ಲಿ ಪಾಲಿಸಿ ಕೇಳಿ. ಆ ದುಡ್ಡು ಹೆಂಡತಿ ಮಕ್ಕಳಿಗೇ ಸೇರುತ್ತದೆ, ಸಾಲಗಾರರು ಕೈ ಹಾಕುವಂತಿಲ್ಲ.

ಆರೋಗ್ಯ ವಿಮೆಯಲ್ಲಿ ನೋಡಬೇಕಾದ್ದು ಕಂತಿಗಿಂತ ಷರತ್ತು. ರೂಮ್ ಬಾಡಿಗೆಗೆ ಮಿತಿ ಇದೆಯಾ, ನಿಮ್ಮೂರಿನ ಆಸ್ಪತ್ರೆ ಕ್ಯಾಶ್‌ಲೆಸ್ ಪಟ್ಟಿಯಲ್ಲಿದೆಯಾ, ಬಿಲ್ಲಿನ ಒಂದು ಭಾಗ ನೀವೇ ಕಟ್ಟಬೇಕಾ, ಹೆರಿಗೆಗೆ ಎಷ್ಟು ವರ್ಷ ಕಾಯಬೇಕು. ಮೊದಲೇ ಇದ್ದ ಕಾಯಿಲೆಗೆ ಗರಿಷ್ಠ ಮೂರು ವರ್ಷ ಕಾಯಿಸಬಹುದು ಅಂತ ನಿಯಮ. ಅಪ್ಪ ಅಮ್ಮನ ಪಾಲಿಸಿಯನ್ನು ಅವರಿಗೆ ಶುಗರ್ ಬರುವ ಮುಂಚೆ ಮಾಡಿಸಬೇಕು ಅನ್ನುವುದು ಇದಕ್ಕೇ.

ಮಗಳು ಹುಟ್ಟಿದ್ದರೆ ಹತ್ತು ವರ್ಷ ತುಂಬುವುದರೊಳಗೆ ಸುಕನ್ಯಾ ಸಮೃದ್ಧಿ ಖಾತೆ ತೆರೆಯಿರಿ. ಬಡ್ಡಿ ಶೇ 8.2. ಹದಿನೈದು ವರ್ಷ ಕಟ್ಟಬೇಕು, ಖಾತೆ ತೆರೆದ ಇಪ್ಪತ್ತೊಂದನೇ ವರ್ಷಕ್ಕೆ ಕೈಗೆ ಬರುತ್ತದೆ. ಹದಿನೆಂಟರ ನಂತರ ಓದಿಗೆ ಅರ್ಧದವರೆಗೆ ತೆಗೆಯಬಹುದು. ವರ್ಷಕ್ಕೆ 250 ರೂಪಾಯಿಯಿಂದ ಒಂದೂವರೆ ಲಕ್ಷದವರೆಗೆ ಹಾಕಬಹುದು. ಗಂಡು ಮಗುವಾದರೆ ಪಿಪಿಎಫ್ ಇದೆ: ಶೇ 7.1, ಹದಿನೈದು ವರ್ಷ. ಎರಡರಲ್ಲೂ ತಿಂಗಳ 5ನೇ ತಾರೀಖಿನೊಳಗೆ ಕಟ್ಟಿ. 5ರಿಂದ ತಿಂಗಳ ಕೊನೆವರೆಗೆ ಖಾತೆಯಲ್ಲಿದ್ದ ಕನಿಷ್ಠ ಮೊತ್ತಕ್ಕೆ ಬಡ್ಡಿ ಲೆಕ್ಕ ಹಾಕುವುದರಿಂದ, 6ಕ್ಕೆ ಕಟ್ಟಿದರೆ ಆ ತಿಂಗಳ ಬಡ್ಡಿ ಹೋಯಿತು.

ಈಗ ಮನೆ. 40 ಲಕ್ಷ ಸಾಲ, ಶೇ 8.5 ಬಡ್ಡಿ, ಇಪ್ಪತ್ತು ವರ್ಷ ಅಂದರೆ ಕಂತು ತಿಂಗಳಿಗೆ 34,700ರ ಹತ್ತಿರ. ಮುಗಿಯುವಷ್ಟರಲ್ಲಿ 83 ಲಕ್ಷ ಕಟ್ಟಿರುತ್ತೀರಿ. ಪ್ರತಿ ವರ್ಷ ಒಂದೇ ಒಂದು ಕಂತು ಹೆಚ್ಚಿಗೆ ಕಟ್ಟಿದರೆ ಸುಮಾರು ಮೂರೂವರೆ ವರ್ಷ ಮುಂಚೆ ಸಾಲ ಮುಗಿಯುತ್ತದೆ. ಫ್ಲೋಟಿಂಗ್ (ಆಗಾಗ ಏರಿಳಿಯುವ) ದರದ ಗೃಹ ಸಾಲವನ್ನು ಬೇಗ ತೀರಿಸಿದ್ದಕ್ಕೆ ಬ್ಯಾಂಕು ದಂಡ ಹಾಕುವಂತಿಲ್ಲ. ಎಲ್ಲ ಕಂತುಗಳೂ ಸೇರಿ ಮನೆಗೆ ಬರುವ ಸಂಬಳದ ಮೂರನೇ ಒಂದು ಭಾಗ ದಾಟಿದರೆ ಇನ್ನೂ ಸಮಯ ಬಂದಿಲ್ಲ ಅಂತ ಅರ್ಥ. ಬ್ಯಾಂಕು ಜಾಸ್ತಿ ಕೊಡುತ್ತೇನೆ ಅಂದರೂ ಅಷ್ಟೇ.

ಕೊಳ್ಳುವ ಬೆಲೆಗೆ ನೋಂದಣಿ ಖರ್ಚು ಸೇರಿಸಿ ನೋಡಿ. ಕರ್ನಾಟಕದಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದೆ. 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ, ಸೆಸ್ ಎಲ್ಲ ಸೇರಿ ಶೇ 7ಕ್ಕೂ ಜಾಸ್ತಿ. ಇದಕ್ಕೆ ಸಾಲ ಸಿಗುವುದಿಲ್ಲ, ಕೈಯಿಂದಲೇ ಹೋಗಬೇಕು. ಬಿ ಖಾತಾ ಅಂದರೆ ಅನುಮತಿ, ದಾಖಲೆ ಪೂರ್ತಿ ಸರಿ ಇಲ್ಲದ ಆಸ್ತಿ. ‘ಬಿ ಖಾತಾ ಆದರೂ ಪರವಾಗಿಲ್ಲ, ಮುಂದೆ ಸರಿಹೋಗುತ್ತದೆ’ ಅನ್ನುವ ಮಾತಿಗೆ ಜೀವಮಾನದ ಉಳಿತಾಯ ಹಾಕಬೇಡಿ. ಇ-ಖಾತಾ, ಇಸಿ (ಆಸ್ತಿ ಮೇಲಿನ ಸಾಲ, ಹಳೆ ವ್ಯವಹಾರ ತೋರಿಸುವ ಪತ್ರ), ಮೂಲ ಪತ್ರಗಳನ್ನು ನಿಮ್ಮ ಕಡೆಯ ವಕೀಲರಿಗೆ ತೋರಿಸಿ, ಬಿಲ್ಡರ್ ಹೇಳಿದ ವಕೀಲರಿಗೆ ಅಲ್ಲ. ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ಕೊಟ್ಟು ಲೀಸ್‌ಗೆ ಮನೆ ಹಿಡಿಯುವವರೂ ಇದನ್ನೇ ಮಾಡಬೇಕು. ಆ ಮನೆ ಮೇಲೆ ಮಾಲೀಕರ ಬ್ಯಾಂಕ್ ಸಾಲ ಇದ್ದರೆ, ಅವರು ಕಟ್ಟದೆ ಹೋದಾಗ ಬ್ಯಾಂಕಿನವರು ಬಂದು ನಿಲ್ಲುವುದು ನಿಮ್ಮ ಬಾಗಿಲಲ್ಲಿ.

## ದುಡ್ಡು ಎಲ್ಲಿಡಬೇಕು: ಚೀಟಿ, ಸೊಸೈಟಿ, ಬ್ಯಾಂಕು

ಇದು ಎಲ್ಲ ವಯಸ್ಸಿನವರಿಗೂ ಬೇಕಾದ್ದು. ಸ್ವಲ್ಪ ನಿಧಾನವಾಗಿ ನೋಡೋಣ.

ಚೀಟಿ ನಮ್ಮ ಜನರ ಉಳಿತಾಯವೂ ಹೌದು, ಸಾಲವೂ ಹೌದು. ಇಪ್ಪತ್ತು ಜನ, ತಿಂಗಳಿಗೆ ತಲಾ 5,000, ಇಪ್ಪತ್ತು ತಿಂಗಳು ಅಂದರೆ ಒಂದು ಲಕ್ಷದ ಚೀಟಿ. ಮೊದಲೇ ಕೂಗಿ ಎತ್ತಿದವರಿಗೆ ಕಡಿಮೆ ಸಿಗುತ್ತದೆ, ಆ ಕಡಿಮೆಯಾದದ್ದೇ ಉಳಿದವರ ಲಾಭ. ಹಾಗಾಗಿ ಮೊದಲ ತಿಂಗಳುಗಳಲ್ಲಿ ಎತ್ತಿದರೆ ಅದು ದುಬಾರಿ ಸಾಲ, ಕೊನೆಯಲ್ಲಿ ಎತ್ತಿದರೆ ಸುಮಾರಾದ ಉಳಿತಾಯ. ಚೀಟಿ ನಡೆಸುವುದಕ್ಕೆ 1982ರ ಚಿಟ್ ಫಂಡ್ ಕಾಯ್ದೆ ಇದೆ. ಪ್ರತಿ ಚೀಟಿ ರಿಜಿಸ್ಟ್ರಾರ್ ಹತ್ತಿರ ನೋಂದಣಿ ಆಗಬೇಕು, ನಡೆಸುವವರ ಕಮಿಷನ್ ಶೇ 7 ಮೀರಬಾರದು. ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಬೀದಿಯ ಅಕ್ಕ ನಡೆಸುವ ಚೀಟಿಗೆ ಕೈಬರಹದ ಪುಸ್ತಕವೇ ದಾಖಲೆ. ಅಕ್ಕ ಒಳ್ಳೆಯವರೇ ಇರಬಹುದು, ಎತ್ತಿಕೊಂಡು ಕಟ್ಟದೆ ಹೋಗುವವರು ಬೇರೆ ಯಾರೋ ಇರುತ್ತಾರೆ. ಹೋದರೂ ಸಂಸಾರ ನಡೆಯುತ್ತದೆ ಅನ್ನುವಷ್ಟು ಮಾತ್ರ ಹಾಕಿ.

ಬ್ಯಾಂಕಿನಲ್ಲಿಟ್ಟ ಠೇವಣಿಗೆ ಡಿಐಸಿಜಿಸಿ ಅನ್ನುವ ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯ ವಿಮೆ ಇದೆ, ಬ್ಯಾಂಕು ಮುಳುಗಿದರೆ ಸಿಗುವುದು ಈ ದುಡ್ಡು. ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ, ಎಲ್ಲ ಶಾಖೆಗಳೂ ಸೇರಿ, ಅಸಲು ಬಡ್ಡಿ ಎರಡೂ ಸೇರಿ 5 ಲಕ್ಷ. ಸಹಕಾರ ಬ್ಯಾಂಕುಗಳಿಗೂ ಇದು ಅನ್ವಯ. ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳಿಗೆ ಅನ್ವಯ ಇಲ್ಲ. ಬೋರ್ಡು, ಕೌಂಟರು, ಪಾಸ್‌ಬುಕ್ ನೋಡಿದರೆ ಬ್ಯಾಂಕಿನ ಹಾಗೇ ಕಾಣುತ್ತದೆ. ಹಾಗಾಗಿ ಬಾಯಿ ಬಿಟ್ಟು ಕೇಳಿ: ‘ಇಲ್ಲಿ ಡಿಐಸಿಜಿಸಿ ವಿಮೆ ಇದೆಯಾ?’ ಬಡ್ಡಿ ಒಂದೆರಡು ಪರ್ಸೆಂಟ್ ಜಾಸ್ತಿ ಕೊಡುವುದಕ್ಕೆ ಕಾರಣ ಉತ್ತರದಲ್ಲೇ ಸಿಗುತ್ತದೆ.

2020ರ ಜನವರಿಯಲ್ಲಿ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದಾಗ ಒಬ್ಬರು ತೆಗೆಯಬಹುದಾಗಿದ್ದದ್ದು 35,000 ರೂಪಾಯಿ ಮಾತ್ರ. ಅಲ್ಲಿ ಠೇವಣಿ ಇಟ್ಟಿದ್ದವರಲ್ಲಿ ನಿವೃತ್ತರು ಬಹಳ ಜನ ಇದ್ದರು. ಆಗ ವಿಮೆ ಇದ್ದದ್ದು ಒಂದೇ ಲಕ್ಷಕ್ಕೆ. ಅದು 5 ಲಕ್ಷಕ್ಕೆ ಏರಿದ್ದು ಆ ವರ್ಷದ ಫೆಬ್ರವರಿಯಲ್ಲಿ. ಅದಕ್ಕೂ ಮುಂಚೆ, 2019ರ ಜೂನ್‌ನಲ್ಲಿ, ತಿಂಗಳು ತಿಂಗಳು ದೊಡ್ಡ ಲಾಭ ಹಂಚುತ್ತಿದ್ದ ಐಎಂಎ ಕಂಪನಿ ಮುಚ್ಚಿ ಸಾವಿರಾರು ಕುಟುಂಬಗಳು ಬೀದಿಗೆ ಬಂದವು. ಅದು ಬ್ಯಾಂಕೇ ಅಲ್ಲ, ವಿಮೆಯ ಮಾತೇ ಇಲ್ಲ. ಪಾಠ ಎರಡು: ಒಂದೇ ಕಡೆ 5 ಲಕ್ಷ ದಾಟಿಸಬೇಡಿ, ಬ್ಯಾಂಕಿನ ಎರಡರಷ್ಟು ಬಡ್ಡಿ ಅಂದರೆ ಎದ್ದು ಬನ್ನಿ.

ಚಿನ್ನದ ಬಗ್ಗೆ ಎರಡೇ ಮಾತು. ಹಾಕಿಕೊಳ್ಳುವ ಒಡವೆ ಬೇರೆ, ಉಳಿತಾಯದ ಚಿನ್ನ ಬೇರೆ. ಒಡವೆಯಲ್ಲಿ ಮೇಕಿಂಗ್, ವೇಸ್ಟೇಜ್, ಶೇ 3ರ ಜಿಎಸ್‌ಟಿ ಕೊಂಡ ದಿನವೇ ಹೋಗುತ್ತವೆ. ಉಳಿತಾಯಕ್ಕೆ ಅಂತಲೇ ಆದರೆ ನಾಣ್ಯ ಅಥವಾ ಗೋಲ್ಡ್ ಇಟಿಎಫ್ (ಷೇರಿನ ಹಾಗೆ ಕೊಂಡು ಮಾರುವ ಚಿನ್ನದ ಫಂಡ್), ಅದೂ ಒಟ್ಟು ಉಳಿತಾಯದ ಹತ್ತನೇ ಒಂದು ಭಾಗದಷ್ಟು.

## ನಲವತ್ತರ ದಶಕ: ಮಕ್ಕಳ ಓದು, ನಿಮ್ಮ ಮುಪ್ಪು

ಸಂಬಳ ಚೆನ್ನಾಗಿರುವ ಕಾಲ, ದುಡ್ಡು ನಿಲ್ಲದ ಕಾಲ. ಈಗ ಕೂತು ಇನ್ನೊಂದು ಲೆಕ್ಕ ಮಾಡಿ. ನಿಮಗೆ 45, ಮನೆ ಖರ್ಚು ತಿಂಗಳಿಗೆ 40,000 ಅಂತ ಇಟ್ಟುಕೊಳ್ಳೋಣ. ಬೆಲೆಗಳು ವರ್ಷಕ್ಕೆ ಶೇ 6 ಏರಿದರೆ, ಅರವತ್ತರ ಹೊತ್ತಿಗೆ ಅದೇ ಬದುಕಿಗೆ 96,000 ಬೇಕು. ಮಕ್ಕಳ ಖರ್ಚು ಇರುವುದಿಲ್ಲ, ಸಾಲ ಮುಗಿದಿರುತ್ತದೆ ಅಂತ ಶೇ 30ರಷ್ಟು ಕಡಿಮೆ ಮಾಡಿದರೂ 67,000. ವರ್ಷಕ್ಕೆ 8 ಲಕ್ಷ. ಅರವತ್ತರ ನಂತರ ಇಪ್ಪತ್ತೈದು ವರ್ಷಕ್ಕೆ ಅಂತ ಇದನ್ನು 25ರಿಂದ ಗುಣಿಸಿದರೆ 2 ಕೋಟಿ ಬರುತ್ತದೆ. ಅಷ್ಟೇ ಬೇಕು ಅಂತ ಕಲ್ಲಿನಲ್ಲಿ ಕೆತ್ತಿಲ್ಲ, ಇದು ಅಂದಾಜು.

ಹೆದರಿ ಹಾಳೆ ಮಡಚಿಡಬೇಡಿ. ಪಿಎಫ್ ಎಷ್ಟಾಗಬಹುದು, ಗ್ರ್ಯಾಚುಟಿ ಎಷ್ಟು, ಮಹಡಿ ಬಾಡಿಗೆ ಎಷ್ಟು, ಊರಿನ ಜಮೀನಿನ ಗುತ್ತಿಗೆ ಎಷ್ಟು, ಎಲ್ಲ ಕಳೆಯಿರಿ. ಉಳಿದದ್ದೇ ನಿಮ್ಮ ಕೊರತೆ. ಸರ್ಕಾರಿ ನೌಕರಿಗೆ 2006ರ ಏಪ್ರಿಲ್ ನಂತರ ಸೇರಿದ್ದರೆ ಎನ್‌ಪಿಎಸ್ (ಹೊಸ ಪಿಂಚಣಿ ಯೋಜನೆ) ಖಾತೆಯ ಸ್ಟೇಟ್‌ಮೆಂಟ್ ತೆಗೆದು ನೋಡಿ, ರಾಜ್ಯ ಸರ್ಕಾರಿ ವಿಮಾ ಇಲಾಖೆಯ ಕೆಜಿಐಡಿ ಪಾಲಿಸಿಯನ್ನೂ ಸೇರಿಸಿ. ಕೊರತೆ ತುಂಬಲು ಮೂರು ದಾರಿ: ಪ್ರತಿ ಇಂಕ್ರಿಮೆಂಟಿನ ಅರ್ಧವನ್ನು ಎಸ್‌ಐಪಿಗೋ ವಿಪಿಎಫ್‌ಗೋ (ಪಿಎಫ್‌ಗೆ ನೀವಾಗಿಯೇ ಹೆಚ್ಚಿಗೆ ಕಟ್ಟುವುದು) ಸೇರಿಸುವುದು, ಅರವತ್ತರ ನಂತರವೂ ಎರಡು ಮೂರು ವರ್ಷ ದುಡಿಯುವುದು, ಮಕ್ಕಳ ಖರ್ಚಿಗೆ ಗೆರೆ ಎಳೆಯುವುದು.

ಮೂರನೆಯದು ಯಾರಿಗೂ ಇಷ್ಟವಾಗುವುದಿಲ್ಲ. ಸಿಇಟಿ ಸೀಟಿಗೂ ಮ್ಯಾನೇಜ್‌ಮೆಂಟ್ ಕೋಟಾಕ್ಕೂ ಫೀಸಿನಲ್ಲಿ ಲಕ್ಷಗಳ ಅಂತರ. ಆ ಅಂತರ ತುಂಬಲು ಪಿಎಫ್ ಮುರಿಯುವ ತಂದೆ ತಾಯಿ ಎಷ್ಟೋ ಜನ. ನನ್ನ ಅಭಿಪ್ರಾಯ ಕೇಳಿದರೆ, ಪಿಎಫ್ ಮುಟ್ಟಬೇಡಿ, ಶಿಕ್ಷಣ ಸಾಲ ತೆಗೆಯಿರಿ. 4 ಲಕ್ಷದವರೆಗೆ ಬ್ಯಾಂಕು ಸಾಮಾನ್ಯವಾಗಿ ಅಡಮಾನ ಕೇಳುವುದಿಲ್ಲ, ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತಿಗೆ ಬಿಡುವು ಸಿಗುತ್ತದೆ. ಕಟ್ಟುವವರು ಮಕ್ಕಳೇ. ಇಪ್ಪತ್ತೆರಡರ ಹುಡುಗಿಗೆ ಸಾಲ ತೀರಿಸಲು ಮುಂದೆ ಮೂವತ್ತೆಂಟು ವರ್ಷ ಇದೆ, ಐವತ್ತರ ಅಪ್ಪನಿಗೆ ಹತ್ತೇ. ಮದುವೆಗೂ ಇದೇ ಮಾತು. ಛತ್ರದ ಬಾಡಿಗೆ, ಊಟದ ಎಲೆ ಲೆಕ್ಕ, ಒಡವೆ ಎಲ್ಲ ಸೇರಿ ಒಂದು ಮೊತ್ತ ಮೊದಲೇ ಮಕ್ಕಳಿಗೆ ಹೇಳಿಬಿಡಿ.

## ಐವತ್ತರ ದಶಕ

ಇಲ್ಲಿ ಹೊಸದೇನೂ ಶುರು ಮಾಡಬೇಡಿ, ಇದ್ದದ್ದನ್ನು ಗಟ್ಟಿ ಮಾಡಿ. ಗೃಹ ಸಾಲ ನಿವೃತ್ತಿಗೆ ಮುಂಚೆ ಮುಗಿಯಬೇಕು. ಐವತ್ತೈದರ ನಂತರ ಬೇಕಾಗುವ ದುಡ್ಡನ್ನು ಷೇರಿನಿಂದ ಸ್ವಲ್ಪ ಸ್ವಲ್ಪವೇ ಎಫ್‌ಡಿ, ಅಂಚೆ ಕಚೇರಿ ಕಡೆ ಸರಿಸಿ. ನಿವೃತ್ತಿಯ ವರ್ಷ ಮಾರುಕಟ್ಟೆ ಬಿದ್ದರೆ ಏಳುವವರೆಗೆ ಕಾಯಲು ನಿಮಗೆ ಸಂಬಳ ಇರುವುದಿಲ್ಲ. ಹದಿನೈದು ವರ್ಷ ತುಂಬಿದ ಪಿಪಿಎಫ್ ಮುಚ್ಚಬೇಕಾಗಿಲ್ಲ, ಐದೈದು ವರ್ಷ ಮುಂದುವರಿಸಬಹುದು. ಅಣ್ಣನ ಮಗನ ಅಂಗಡಿ ಸಾಲಕ್ಕೆ ಜಾಮೀನು ಸಹಿ ಮಾತ್ರ ಬೇಡ. ಕೊಡುವುದಾದರೆ ವಾಪಸ್ ಬರದಿದ್ದರೂ ನಡೆಯುವಷ್ಟು ದುಡ್ಡನ್ನೇ ಕೊಟ್ಟುಬಿಡಿ.

## ಅರವತ್ತರ ನಂತರ: ತಿಂಗಳ ದುಡ್ಡು, ಕಾಗದ ಪತ್ರ

ನಿವೃತ್ತಿಯ ದುಡ್ಡು ಖಾತೆಗೆ ಬಂದ ಮೊದಲ ಆರು ತಿಂಗಳು ಯಾರ ಮಾತೂ ಕೇಳಬೇಡಿ. ಸುಮ್ನೆ ಒಂದೊಂದರಲ್ಲಿ 5 ಲಕ್ಷ ದಾಟದ ಹಾಗೆ ಬೇರೆ ಬೇರೆ ಬ್ಯಾಂಕುಗಳಲ್ಲಿ ಎಫ್‌ಡಿ ಇಟ್ಟುಬಿಡಿ. ಆಮೇಲೆ ಒಂದೊಂದಾಗಿ ಹಂಚಿ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರು 30 ಲಕ್ಷದವರೆಗೆ ಇಡಬಹುದು, ಬಡ್ಡಿ ಶೇ 8.2. ಪೂರ್ತಿ ಇಟ್ಟರೆ ಮೂರು ತಿಂಗಳಿಗೊಮ್ಮೆ 61,500 ಬರುತ್ತದೆ. ಅಂಚೆ ಕಚೇರಿಯ ತಿಂಗಳ ಆದಾಯ ಯೋಜನೆಯಲ್ಲಿ ಗಂಡ ಹೆಂಡತಿ ಜಂಟಿಯಾಗಿ 15 ಲಕ್ಷ ಇಟ್ಟರೆ, ಶೇ 7.4ರಂತೆ ತಿಂಗಳಿಗೆ 9,250. ಬಡ್ಡಿ ಪೂರ್ತಿ ಖರ್ಚು ಮಾಡದೆ ಸ್ವಲ್ಪ ವಾಪಸ್ ಹಾಕುತ್ತಿರಿ, ಎಂಬತ್ತರಲ್ಲೂ ಬೆಲೆ ಏರುತ್ತಲೇ ಇರುತ್ತದೆ.

ಮನೆಯನ್ನು ಬದುಕಿರುವಾಗಲೇ ಮಕ್ಕಳ ಹೆಸರಿಗೆ ದಾನಪತ್ರ ಮಾಡುವ ಆತುರ ಬೇಡ. ಮಾಡಲೇಬೇಕಾದರೆ ನಮ್ಮನ್ನು ನೋಡಿಕೊಳ್ಳಬೇಕು ಅನ್ನುವ ಷರತ್ತನ್ನು ಪತ್ರದಲ್ಲೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಆ ಷರತ್ತು ಮುರಿದರೆ ದಾನಪತ್ರ ರದ್ದು ಮಾಡಿಸಲು ಉಪವಿಭಾಗಾಧಿಕಾರಿ ಹತ್ತಿರ ಹೋಗಬಹುದು. ಇನ್ನು ವಿಡಿಯೊ ಕಾಲ್‌ನಲ್ಲಿ ಪೊಲೀಸ್ ಡ್ರೆಸ್ ಹಾಕಿ ‘ಡಿಜಿಟಲ್ ಅರೆಸ್ಟ್’ ಅನ್ನುವವರು ಕಳ್ಳರು. ಅಂಥ ಅರೆಸ್ಟ್ ಕಾನೂನಿನಲ್ಲೇ ಇಲ್ಲ. ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ.

ಕಾಗದ ಪತ್ರದ ಕೆಲಸ ಅರವತ್ತಕ್ಕೆ ಕಾಯಬೇಕಿಲ್ಲ, ಆದರೆ ಅರವತ್ತು ದಾಟಿದ ಮೇಲೆ ಮುಂದೂಡಲೂ ಬಾರದು. ಒಂದು ಫೈಲಿನಲ್ಲಿ ಎಲ್ಲ ಖಾತೆ, ಪಾಲಿಸಿ, ಲಾಕರ್, ಸಾಲ, ಕೊಟ್ಟ ಕೈಸಾಲದ ಪಟ್ಟಿ ಇಡಿ. ಫೈಲ್ ಎಲ್ಲಿದೆ ಅಂತ ಹೆಂಡತಿಗೋ ಗಂಡನಿಗೋ ಮಕ್ಕಳಿಗೋ ಗೊತ್ತಿರಲಿ. 2025ರ ನವೆಂಬರ್‌ನಿಂದ ಬ್ಯಾಂಕ್ ಖಾತೆಗೆ ನಾಲ್ವರವರೆಗೆ ನಾಮಿನಿ ಹಾಕಬಹುದು. ಆದರೆ ನಾಮಿನಿ ಅಂದರೆ ವಾರಸುದಾರ ಅಲ್ಲ, ದುಡ್ಡು ಪಡೆದು ವಾರಸುದಾರರಿಗೆ ಕೊಡಬೇಕಾದವರು. ಯಾರಿಗೆ ಎಷ್ಟು ಅನ್ನುವುದಕ್ಕೆ ಉಯಿಲು ಬೇಕು. ಬಿಳಿ ಹಾಳೆ ಮೇಲೆ ಬರೆದು, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿದರೂ ನಡೆಯುತ್ತದೆ. ಸಾಕ್ಷಿಗಳು ಆಸ್ತಿ ಪಡೆಯುವವರಾಗಬಾರದು. ನೋಂದಣಿ ಕಡ್ಡಾಯ ಅಲ್ಲ, ಆದರೂ ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ಮಾಡಿಸಿದರೆ ಮುಂದೆ ತಕರಾರು ಕಡಿಮೆ. ಪಿತ್ರಾರ್ಜಿತದಲ್ಲಿ ನಿಮ್ಮ ಪಾಲಿಗಷ್ಟೇ ಉಯಿಲು ಬರೆಯಬಹುದು, ಹೆಣ್ಣುಮಕ್ಕಳಿಗೂ ಅದರಲ್ಲಿ ಸಮಪಾಲು ಇದೆ.

ತೀರಿಹೋದ ಹಿರಿಯರ ಹಳೆ ಠೇವಣಿ ಎಲ್ಲಾದರೂ ಉಳಿದಿರಬಹುದು ಅನ್ನಿಸಿದರೆ ರಿಸರ್ವ್ ಬ್ಯಾಂಕಿನ ಉದ್ಗಮ್ ಪೋರ್ಟಲ್‌ನಲ್ಲಿ ಹೆಸರು ಹಾಕಿ ಹುಡುಕಿ. ಹಾಗೇ ಊರಿನ ಪಹಣಿ ತೆಗೆಸಿ ನೋಡಿ. ಅಜ್ಜ ಸತ್ತು ಮೂವತ್ತು ವರ್ಷವಾದರೂ ಜಮೀನು ಅವರ ಹೆಸರಿನಲ್ಲೇ ಇರುವ ಮನೆಗಳು ಕಮ್ಮಿ ಇಲ್ಲ. ಅಂಥ ಜಮೀನಿಗೆ ಬೆಳೆ ಸಾಲ, ಪರಿಹಾರ ಪಡೆಯುವುದು ಕಷ್ಟ, ಮಾರಾಟವಂತೂ ಆಗದು. ಮರಣ ಪ್ರಮಾಣಪತ್ರ ಮತ್ತು ನಾಡಕಚೇರಿಯಲ್ಲಿ ಮಾಡಿಸಿದ ವಂಶವೃಕ್ಷ ಇಟ್ಟು ಪೌತಿ ಖಾತೆಗೆ (ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು) ಅರ್ಜಿ ಹಾಕಿ. ಅಜ್ಜನ ಮಕ್ಕಳಲ್ಲಿ ಬದುಕಿರುವವರು ಸಹಿ ಹಾಕುವ ಸ್ಥಿತಿಯಲ್ಲಿರುವಾಗಲೇ ಈ ಕೆಲಸ ಆದರೆ ನಾಲ್ಕು ಸಹಿಯಲ್ಲಿ ಮುಗಿಯುತ್ತದೆ. ಒಂದು ತಲೆಮಾರು ದಾಟಿತೋ, ಸಹಿ ಹಾಕಬೇಕಾದವರು ದುಬೈ, ಮುಂಬೈ, ಬೆಂಗಳೂರು ಅಂತ ಇಪ್ಪತ್ತು ಜನ ಆಗಿರುತ್ತಾರೆ.